ತಿರಾಮಿಸುಗೆ ಹೊಂದದ ವೈನ್

ಆ ರೆಸ್ಟೋರೆಂಟಿನಲ್ಲಿ ಒಂದು ಪದ್ಧತಿ ಇತ್ತು. ಹೊಸ ಸಿಹಿ ಮೆನುವಿಗೆ ಏರಬೇಕಾದರೆ ಅದಕ್ಕೊಂದು ವೈನ್ ಜೊತೆಯಾಗಲೇಬೇಕು. ಮಧ್ಯಾಹ್ನ, ಬಾಗಿಲು ತೆರೆಯುವ ಮೊದಲು, ಸಿಹಿ ಮಾಡಿದವರೂ ವೈನ್ ಆರಿಸುವವರೂ ಅಡುಗೆಮನೆ ಪಕ್ಕದ ಪುಟ್ಟ ಮೇಜಿನಲ್ಲಿ ಕೂತು ರುಚಿ ನೋಡಬೇಕು. ಸಿಹಿ ನನ್ನದು. ವೈನ್ ಅವರದು.

ನನ್ನ ತಿರಾಮಿಸು ಬಗ್ಗೆ ನನಗೆ ಜಂಬವಿತ್ತು. ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ನಡುವೆ ಮೆತ್ತನೆಯ ಕೆನೆ, ಮೇಲೆ ಕಹಿ ಕೋಕೋ ಪುಡಿ. ಅವರು ದಿನಕ್ಕೊಂದು ಕೆಂಪು ವೈನ್ ತರುತ್ತಿದ್ದರು, ಎಲ್ಲವೂ ಒಗರು. ಸಿಹಿಯ ಹಿಂದೆಯೇ ಕುಡಿದರೆ ಹುಣಸೆಹಣ್ಣು ಕಚ್ಚಿದ ಹಾಗಾಗುತ್ತಿತ್ತು. ನಾನು ಮುಖ ಹಿಂಡಿದರೆ ಅವರು ಗ್ಲಾಸಿನ ಅಂಚಿನ ಮೇಲಿಂದ ನನ್ನನ್ನೇ ನೋಡಿ, ನಗು ನುಂಗಿಕೊಂಡು, ತಮ್ಮ ಅಕ್ಕನ ಮಗುವಿನ ತುಂಟಾಟದ ಕಥೆ ಶುರು ಮಾಡುತ್ತಿದ್ದರು.

"ಇವೆರಡೂ ಎಣ್ಣೆ-ಸೀಗೇಕಾಯಿ ಕಣ್ರೀ. ನಿಮ್ಮ ನಾಲಿಗೆಗೆ ಏನಾಗಿದೆ?" ಎಂದೆ ಒಂದು ದಿನ.

"ನಾಳೆ ಬೇರೆ ನೋಡೋಣ ಬಿಡಿ," ಎಂದರು.

ರೆಸ್ಟೋರೆಂಟಿನ ಯಜಮಾನಮ್ಮನ ತಾಳ್ಮೆ ಮುಗಿಯಿತು. ನಾಳೆಯೂ ಹೊಂದದಿದ್ದರೆ ಬೇರೆ ವೈನಿನವನನ್ನು ಹುಡುಕುತ್ತೇನೆ ಎಂದು ಎಲ್ಲರೆದುರೇ ಹೇಳಿಬಿಟ್ಟರು. ಆ ಸಂಜೆ ಕೆನೆಯನ್ನು ಅತಿಯಾಗಿ ಕಡೆದು ಕೆಡಿಸಿಬಿಟ್ಟೆ. ಅವರನ್ನು ಬೈದವಳೂ ನಾನೇ, ಅವರಿಲ್ಲದ ಮೇಜನ್ನು ನೆನೆದು ಸಂಕಟಪಟ್ಟವಳೂ ನಾನೇ.

ಮರುದಿನ ಅವರು ಬ್ರಾಕೆಟ್ಟೊ ಎಂಬ ಇಟಲಿಯ ಸಿಹಿ ವೈನ್ ತಂದರು. ತಿಳಿಗೆಂಪು, ಸಣ್ಣ ಗುಳ್ಳೆ, ಸ್ಟ್ರಾಬೆರಿಯ ಘಮ. ಒಂದು ಚಮಚ ತಿಂದು ಒಂದು ಗುಟುಕು ಕುಡಿದೆ. ಕಾಫಿಯ ಕಹಿ ಕರಗಿ, ಕೆನೆಯ ಮೇಲೆ ಹಣ್ಣು ಹರಡಿದಂತಾಯಿತು.

"ಇದು ಮೊದಲೇ ಗೊತ್ತಿತ್ತಾ ನಿಮಗೆ?"

"ಮೊದಲ ದಿನವೇ."

"ಮತ್ತೆ ಇಷ್ಟು ದಿನ ನಂಗೆ ಹುಳಿ ಕುಡಿಸಿದ್ದು?"

ಅವರು ಗ್ಲಾಸಿನ ಕಾಲನ್ನು ಮೆಲ್ಲಗೆ ತಿರುಗಿಸಿದರು. "ಹೊಂದಿಬಿಟ್ಟರೆ ನೀವು ಅಡುಗೆಮನೆ ಒಳಗೆ, ನಾನು ಹೊರಗೆ. ಒಟ್ಟಿಗೆ ಕೂರೋಕೆ ನೆಪ ಎಲ್ಲಿಂದ ತರಲಿ?"

ಬಾಗಿಲಲ್ಲಿ ಯಜಮಾನಮ್ಮ ಕಾಯುತ್ತಿದ್ದರು. ಹೊಂದಿತು ಎಂದು ಹೇಳಿದೆ. ಯಜಮಾನಮ್ಮ ಅತ್ತ ಹೋದ ಮೇಲೆ, ತಲೆ ಎತ್ತದೆ ತಟ್ಟೆ ಜೋಡಿಸುತ್ತಾ ಇವರಿಗೆ ಹೇಳಿದೆ:

"ನಾಳೆ ಹೊಸ ಸಿಹಿ, ಪನ್ನಾ ಕೋಟ ಮಾಡ್ತೀನಿ. ಅದಕ್ಕೂ ವೈನ್ ಬೇಕಲ್ಲ. ನಿಧಾನಕ್ಕೆ ಹುಡುಕಿ."

ನಮ್ಮ ಮದುವೆಯಾಗಿ ವರ್ಷಗಳೇ ಕಳೆದಿವೆ; ಈಗ ಮಕ್ಕಳ ಹೋಂವರ್ಕ್, ಬಟ್ಟೆ, ಇಬ್ಬರ ಬೇರೆ ಬೇರೆ ಪಾಳಿಗಳ ನಡುವೆ ನಾವು ಎದುರುಬದುರು ಕೂರುವುದೇ ಅಪರೂಪ. ಮೊನ್ನೆ ಮಕ್ಕಳು ಅಜ್ಜಿ ಮನೆಗೆ ಹೋದ ಮಧ್ಯಾಹ್ನ ತಿರಾಮಿಸು ಮಾಡಿದೆ. ಇವರು ಗ್ಲಾಸಿಗೆ ಸುರಿದದ್ದನ್ನು ಕುಡಿದು ನನ್ನ ಹಲ್ಲು ಚಳಿತುಹೋಯಿತು. ಅದೇ ಹಳೆಯ ಹುಳಿ.

"ಹೊಂದಲಿಲ್ವಾ?" ಎಂದರು, ಗ್ಲಾಸಿನ ಅಂಚಿನ ಮೇಲಿಂದ ನೋಡುತ್ತಾ.

"ಇಲ್ಲ," ಎಂದೆ. "ನಾಳೆ ಮತ್ತೆ ಕೂತು ನೋಡೋಣ."