ಮಾಲೀಕರನ್ನು ಕೇಳಬೇಕು

ಆ ಶುಕ್ರವಾರ ನಾನು ಅವನ ಬೋರ್ಡನ್ನು ಎರಡು ಸಲ ಓದಿದೆ. ಮೊದಲ ಸಲ ನಂಬಲಿಲ್ಲ, ಎರಡನೇ ಸಲ ನಗು ತಡೆಯಲಾಗಲಿಲ್ಲ.

ಚಂತಾಬುರಿಯ ರತ್ನದ ಕಲ್ಲುಗಳ ಬೀದಿಯಲ್ಲಿ ಕೊಳ್ಳುವವರು ಮೇಜು ಹಿಡಿದು ಕೂರುತ್ತಾರೆ, ಏನು ಬೇಕೆಂದು ಬೋರ್ಡು ಬರೆದಿಡುತ್ತಾರೆ. ‘ದೊಡ್ಡ ಕೆಂಪು, ಕಲೆ ಇರಬಾರದು.’ ‘ನೀಲ, ಎರಡು ಕ್ಯಾರೆಟ್ ಮೇಲೆ.’ ನಾವು ದಲ್ಲಾಳಿಗಳು ಪೊಟ್ಟಣಗಳನ್ನು ಸೊಂಟದ ಚೀಲಕ್ಕೆ ತುಂಬಿಕೊಂಡು ಮೇಜಿನಿಂದ ಮೇಜಿಗೆ ಅಲೆಯುತ್ತೇವೆ. ಇವನು ಬರೆದಿದ್ದು ಹೀಗೆ: ‘ಬಿರುಕು ಬಿಟ್ಟ ಕೆಂಪು ಕಲ್ಲು ಬೇಕು. ಚಿಕ್ಕದಾದರೂ ಸರಿ.’

“ಯಾಕ್ರೀ, ಕೋಳಿಗೆ ಹಾಕೋಕಾ?” ಎಂದೆ.

ಅವನು ತಲೆ ಎತ್ತಿದ. ಬೆಳಗಿನಿಂದ ಲೆನ್ಸ್ ಒತ್ತಿ ಹಿಡಿದು ಬಲಗಣ್ಣಿನ ಸುತ್ತ ಒಂದು ದುಂಡು ಗುರುತು ಬಿದ್ದಿತ್ತು. ಆ ಗುರುತಿನ ಒಳಗಿಂದ ನನ್ನನ್ನು ನೋಡಿದ. ಯಾವ ಆತುರವೂ ಇರಲಿಲ್ಲ.

“ಕೋಳಿ ಸಾಕಿಲ್ಲ. ನಿಮ್ಮ ಹತ್ರ ಇದ್ರೆ ತೋರ್ಸಿ.”

ನನ್ನ ಹತ್ತಿರ ಒಂದಿತ್ತು. ಒಂಬತ್ತು ವರ್ಷದವಳಿದ್ದಾಗ ಬೋ ರೈ ಗಣಿಯ ಕಸದ ಮಣ್ಣಿನಲ್ಲಿ ಹೆಕ್ಕಿದ್ದು. ಅಕ್ಕಿ ಕಾಳಿನಷ್ಟು ಗಾತ್ರ, ನಡುವೆ ಅಡ್ಡಬಿರುಕು. ನಾನು ಹುಡುಕಿದ ಮೊದಲ ಕಲ್ಲೆಂದು ಪರ್ಸಿನಲ್ಲೇ ಇಟ್ಟುಕೊಂಡಿದ್ದೆ, ಒಂದು ಮೇಜಿಗೂ ತೋರಿಸಿರಲಿಲ್ಲ. ತಮಾಷೆಗೆಂದು ಅದನ್ನು ಅವನ ತಟ್ಟೆಗೆ ಹಾಕಿದೆ.

ಅವನು ಚಿಮಟದಲ್ಲಿ ಹಿಡಿದು ನೋಡಿದ, ತಿರುಗಿಸಿ ನೋಡಿದ, ಬಿಸಿಲಿಗೆ ಹಿಡಿದು ನೋಡಿದ. ಅಷ್ಟು ಹೊತ್ತು ಯಾವ ಗಂಡಸೂ ನನ್ನನ್ನೇ ನೋಡಿರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚಾಯಿತೆಂದು ಈಗ ಒಪ್ಪಿಕೊಳ್ಳುತ್ತೇನೆ.

“ನಾನೂರು ಬಾಹ್ತ್” ಎಂದ.

ನಲವತ್ತಕ್ಕೂ ಯಾರೂ ಮೂಸದ ಕಲ್ಲದು. ಬಾಯಿಗೆ ಅಭ್ಯಾಸವಾದ ಮಾತು ತಾನಾಗಿ ಬಂತು. “ಮಾಲೀಕರನ್ನ ಕೇಳ್ಬೇಕು.”

ದಲ್ಲಾಳಿಗಳೆಲ್ಲ ಹೇಳುವ ಮಾತದು. ಕಲ್ಲು ನಮ್ಮದೇ ಆಗಿದ್ದರೂ ಹೇಳುತ್ತೇವೆ, ಬೆಲೆ ಏರಲಿ ಎಂದು. ಅವನು ಗಂಭೀರವಾಗಿ ತಲೆಯಾಡಿಸಿ ಕಲ್ಲನ್ನು ಪೊಟ್ಟಣಕ್ಕೆ ಹಾಕಿ, ಸುತ್ತ ಟೇಪು ಸುತ್ತಿ, ಬೆಲೆ ಬರೆದು, ಟೇಪಿನ ಅಡ್ಡಕ್ಕೆ ಸಹಿ ಹಾಕಿದ. ತಾವಿನ್ ಎಂದು ಹೆಸರು. ಹಾಗೆ ಮುದ್ರೆ ಬಿದ್ದ ಪೊಟ್ಟಣವನ್ನು ಮಾಲೀಕರ ಉತ್ತರ ಬರುವವರೆಗೆ ಬೇರೆ ಯಾರಿಗೂ ತೋರಿಸುವಂತಿಲ್ಲ. ಕೊಳ್ಳುವವನು, ಮಾರುವವರು ಇಬ್ಬರೂ ಎದುರಿದ್ದಾಗಲೇ ಟೇಪು ಕತ್ತರಿಸಬೇಕು. ನನ್ನ ಕಲ್ಲನ್ನು ನಾನೇ ಬಿಚ್ಚಲಾಗದ ಪೇಚಿಗೆ ಸಿಕ್ಕಿದೆ.

ಮಾರನೇ ವಾರ ಹೋಗಿ, “ಮಾಲೀಕರು ಒಪ್ಪಲಿಲ್ಲ” ಎಂದೆ.

“ಯಾಕಂತೆ?”

“ಸಿಡುಕು ಸ್ವಭಾವ.”

“ವಯಸ್ಸಾದವ್ರಾ?”

“ಎಪ್ಪತ್ತು. ಬೋ ರೈಲಿ ಒಬ್ರೇ ಇದಾರೆ.”

“ಪಾಪ. ಮ್ಯಾಂಗೋಸ್ಟೀನ್ ತಿಂತಾರಾ?”

“ತಿಂತಾರೆ. ಯಾರಾದ್ರೂ ಸಿಪ್ಪೆ ಬಿಡಿಸಿ ಕೊಟ್ರೆ.”

ಅವನು ಮೇಜಿನ ಕೆಳಗಿಂದ ಒಂದು ಹಣ್ಣು ತೆಗೆದು, ಎರಡೂ ಅಂಗೈ ನಡುವೆ ಒತ್ತಿ ಬಿರಿಸಿ, ಬಿಳಿ ತೊಳೆಗಳನ್ನು ನನ್ನ ಮುಂದೆ ಹಿಡಿದ. “ಬೋ ರೈ ತಲುಪೋ ಹೊತ್ತಿಗೆ ಕೆಟ್ಟೋಗುತ್ತೆ. ಅವರ ಪರವಾಗಿ ನೀವೇ ತಿಂದುಬಿಡಿ.”

ತಿಂದೆ. ರಸ ಮೊಣಕೈವರೆಗೆ ಇಳಿಯಿತು. ಅವನು ಟಿಶ್ಯೂ ಕೊಡುವಾಗ ನನ್ನ ಕೈಯನ್ನು ನೋಡಿದ, ಮುಖ ನೋಡಿದ, ಆಮೇಲೆ ಯಾವ ಅಪರಾಧ ಮಾಡಿದನೋ ಎಂಬಂತೆ ತಕ್ಕಡಿಯ ಕಡೆ ತಿರುಗಿಕೊಂಡ.

ಅಲ್ಲಿಂದ ಆ ಇಲ್ಲದ ಮಾಲೀಕರು ನಮ್ಮಿಬ್ಬರ ನಡುವೆ ಕುರ್ಚಿ ಹಾಕಿಕೊಂಡು ಕೂತರು. ಟೇಪು ಕತ್ತರಿಸದೆಯೇ ಪೊಟ್ಟಣದ ಮೇಲಿನ ಬೆಲೆ ನಾನೂರೈವತ್ತಾಯಿತು, ಐನೂರಾಯಿತು. “ಮಾಲೀಕರಿಗೆ ಹೇಳಿ, ಈ ಹಳದಿ ಬ್ಲೌಸ್ ಚೆನ್ನಾಗಿದೆ ಅಂತ” ಎನ್ನುತ್ತಿದ್ದ. “ಎಪ್ಪತ್ತು ವರ್ಷದೋರಿಗೆ ಯಾವ ಬ್ಲೌಸ್ ರೀ?” ಎಂದರೆ, “ಅದೂ ನಿಜ. ಹಾಗಾದ್ರೆ ದಲ್ಲಾಳಿಗೇ ಹೇಳಿ” ಎನ್ನುತ್ತಿದ್ದ. ಗುರುವಾರ ಬಂದರೆ ಸಾಕು, ನಾನು ಇಸ್ತ್ರಿ ಪೆಟ್ಟಿಗೆ ಹುಡುಕತೊಡಗಿದೆ. ಅಪ್ಪ ಅದನ್ನು ನೋಡಿಯೂ ನೋಡದಂತೆ ಇದ್ದರು.

ಅಪ್ಪನ ಕೆಲಸ ಕಲ್ಲು ಸುಡುವುದು. ಮಂಕು ಕೆಂಪನ್ನು ಕುಲುಮೆಗಿಟ್ಟು ಬಣ್ಣ ಬರಿಸುವುದರಲ್ಲಿ ಈ ಊರಲ್ಲಿ ಅವರನ್ನು ಮೀರಿಸಿದವರಿಲ್ಲ. ಅವರು ಕೊಟ್ಟ ಕಲ್ಲುಗಳನ್ನೇ ನಾನು ಹೊತ್ತು ತಿರುಗುವುದು. ದಲ್ಲಾಳಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ, ಇರುವುದೊಂದು ಹೆಸರು. ‘ಪಿಕುಲ್ ತಂದಿದ್ದು ನೆಲದ ಕಲ್ಲೇ’ ಎಂದು ಬೀದಿ ನನ್ನನ್ನು ನಂಬಿತ್ತು. ಪ್ರಯೋಗಾಲಯದಲ್ಲಿ ಬೆಳೆಸಿದ ಕೆಂಪಿಗೆ ನಾವು ಕುಲುಮೆ ಕಲ್ಲು ಎನ್ನುತ್ತೇವೆ. ಅಂಥದ್ದೊಂದು ಪೊಟ್ಟಣದಲ್ಲಿ ಸಿಕ್ಕಿತೋ, ಆ ದಲ್ಲಾಳಿಯ ಕಥೆ ಮುಗಿಯಿತು. ಆಮೇಲೆ ಅವಳು ಬಂಗಾರದ ಗಟ್ಟಿ ತಂದರೂ ಜನ ಕಚ್ಚಿ ನೋಡುತ್ತಾರೆ.

ಹಾಗಿರುವಾಗ ಒಂದು ದಿನ ಏಡಿ ನೂಡಲ್ಸ್ ಮಾರುವ ಲಮೈ ಅಕ್ಕ ನನ್ನ ತಟ್ಟೆಗೆ ಇನ್ನೊಂದು ಏಡಿ ಕಾಲು ಹಾಕುತ್ತ ಹೇಳಿದಳು, “ನಿನ್ನ ಹುಡುಗನ ಮನೇಲಿ ಏನೈತೆ ಗೊತ್ತೇನೇ? ಕುಲುಮೆ. ಕೆಂಪು ಬೆಳೀತಾನಂತೆ. ನನ್ನ ತಮ್ಮ ಕರೆಂಟ್ ರಿಪೇರಿಗೆ ಹೋದಾಗ ಕಣ್ಣಾರೆ ನೋಡ್ಕೊಂಡು ಬಂದ.”

ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದೆ. ನಾನು ನೇರ ಅವನ ಮೇಜಿಗೆ ನಡೆದೆ.

“ನೀವು ಕುಲುಮೆ ಕಲ್ಲು ಮಾಡ್ತೀರಾ?”

“ಹೂಂ.”

“ನನ್ನ ಕಲ್ಲು ಯಾಕೆ ಬೇಕಿತ್ತು?”

“ಬೀಜಕ್ಕೆ. ಬಿರುಕಿದ್ರೂ ನಡೆಯುತ್ತೆ. ಪ್ಲಾಟಿನಂ ಬಟ್ಟಲಲ್ಲಿ ಕರಗಿದ ರಸದೊಳಗೆ ಅದನ್ನ ತೂಗುಹಾಕಿದ್ರೆ ಅದರ ಸುತ್ತ ಹೊಸ ಕಲ್ಲು ಬೆಳ್ಯುತ್ತೆ. ಎಂಟು ತಿಂಗಳು ಹಿಡಿಯುತ್ತೆ.”

“ಮೊದ್ಲೇ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀವು ಮತ್ತೆ ಈ ಕಡೆ ಬರ್ತಿದ್ರಾ?”

ಬರುತ್ತಿರಲಿಲ್ಲ ಎಂಬುದು ನಿಜ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. “ಎಲ್ಲ ಮೋಸದ ಸಾಮಾನು!”

“ಮೋಸ ಹೇಗ್ರೀ? ಎರಡೂ ಒಂದೇ ಪದಾರ್ಥ. ನಿಮ್ಮಪ್ಪನೂ ಕುಲುಮೇಲೇ ಇಡ್ತಾರಲ್ಲ.”

“ನಮ್ಮಪ್ಪ ಕಾಯನ್ನ ಹಣ್ಣು ಮಾಡ್ತಾರೆ. ನೀವು ಮರಾನೇ ಇಲ್ದೆ ಹಣ್ಣು ಮಾಡ್ತೀರ. ಒಂದೇ ಪದಾರ್ಥ ಆದ್ರೆ ನಮ್ಮ ತಾತ ಯಾಕೆ ಜೀವಮಾನ ಪೂರ್ತಿ ಗುಂಡಿ ತೋಡಿದ್ರು?”

ಅವನು ಚಿಮಟವನ್ನು ತಟ್ಟೆಯ ಪಕ್ಕ ಇಟ್ಟ. ಆಮೇಲೆ ಮೆಲ್ಲಗೆ ಹೇಳಿದ, “ನೆಲದ್ದು ಸಿಗುತ್ತೋ ಇಲ್ವೋ ಗೊತ್ತಿರಲ್ಲ. ಅದಕ್ಕೇ ಅದಕ್ಕೆ ಬೆಲೆ. ನಂದು ಸಿಕ್ಕೇ ಸಿಗುತ್ತೆ, ಕಾಯೋಕೆ ತಯಾರಿದ್ರೆ. ಕಾದಿದ್ದಕ್ಕೆ ಏನೂ ಬೆಲೆ ಇಲ್ವಾ?”

ನಾನು ಹೊರಡಲು ತಿರುಗಿದೆ. ಬೆನ್ನ ಹಿಂದಿನಿಂದ ಅವನ ದನಿ ಬಂತು. “ನಾನು ಮುಚ್ಚಿಟ್ಟಿದ್ದು ತಪ್ಪೇ. ಆದ್ರೆ ಆ ಸಿಡುಕು ಮಾಲೀಕರು ಯಾರು ಅಂತ ನನಗೆ ಮೊದಲನೇ ದಿನಾನೇ ಗೊತ್ತಿತ್ತು ಕಣ್ರೀ.”

ಕಿವಿಯ ತುದಿವರೆಗೆ ಬಿಸಿಯಾಯಿತು. ಆ ವಾರ ಪೂರ್ತಿ ಪೊಟ್ಟಣವನ್ನು ಮೂರು ಸಲ ಕಸದ ಬುಟ್ಟಿಗೆ ಹಾಕಿ, ಮೂರು ಸಲವೂ ವಾಪಸು ತೆಗೆದುಕೊಂಡೆ.

ಮುಂದಿನ ಶುಕ್ರವಾರ ಅವನು ಹಳೆಯ ಬೋರ್ಡಿನ ಪಕ್ಕ ಹೊಸದೊಂದನ್ನು ನಿಲ್ಲಿಸಿದ್ದ. ದೂರದಿಂದಲೇ ಓದುವಷ್ಟು ದೊಡ್ಡ ಅಕ್ಷರ: ‘ಇವು ನೆಲದ ಕಲ್ಲುಗಳಲ್ಲ. ನಾನು ಬೆಳೆಸಿದವು.’ ಕೆಳಗೆ ತಟ್ಟೆಯಲ್ಲಿ ಹತ್ತಾರು ಕೆಂಪು ಕಲ್ಲುಗಳು ನಾಚಿಕೆಯಿಲ್ಲದೆ ಹೊಳೆಯುತ್ತಿದ್ದವು. ಬೀದಿಗೆ ಹಬ್ಬವೇ ಸಿಕ್ಕಂತಾಯಿತು. ಒಬ್ಬ ಕಿಲೋಗೆ ಎಷ್ಟೆಂದು ಕೇಳಿದ, ಇನ್ನೊಬ್ಬ ಐಸ್ ಕಾಫಿಗೆ ಎರಡು ಹಾಕು ಎಂದ. ತಾವಿನ್ ಎಲ್ಲರಿಗೂ ನಗುತ್ತಲೇ ಉತ್ತರ ಕೊಟ್ಟ. ಬೆನ್ನಿನ ಮೇಲೆ ಅಂಗಿ ಮಾತ್ರ ಬೆವರಿನಿಂದ ಅಂಟಿಕೊಂಡಿತ್ತು. ಈ ಅವಮಾನವನ್ನು ಅವನು ನನಗಾಗಿ ಮೈಮೇಲೆ ಎಳೆದುಕೊಂಡಿದ್ದ. ಅವನ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ನನಗೇ ತಿಳಿಯಲಿಲ್ಲ.

ಆ ಹೊತ್ತಿಗೆ ಜನರನ್ನು ಸರಿಸಿಕೊಂಡು ಅಪ್ಪ ಬಂದರು.

“ಎಷ್ಟಪ್ಪಾ ನಿನ್ನ ಕುಲುಮೆ ಬಿಸಿ?”

“ಸಾವಿರದ ಇನ್ನೂರು ಡಿಗ್ರಿ, ಯಜಮಾನ್ರೇ.”

“ಅಷ್ಟೇನಾ! ನಂದು ಸಾವಿರದ ಏಳುನೂರು.”

“ನೀವು ಎಷ್ಟು ದಿನ ಇಡ್ತೀರಿ?”

“ಒಂದು ದಿನ, ಎರಡು ದಿನ.”

“ನಾನು ಎಂಟು ತಿಂಗಳು.”

ಅಪ್ಪನ ಹುಬ್ಬು ಮೇಲೆ ಹೋಯಿತು. “ಎಂಟು ತಿಂಗಳು! ಕರೆಂಟ್ ಹೋದ್ರೆ?”

“ಜನರೇಟರ್ ಪಕ್ಕದಲ್ಲೇ ಮಲಗ್ತೀನಿ.”

ಅಪ್ಪ ಎದುರಿನ ಕುರ್ಚಿಯನ್ನು ಎಳೆದು ಕೂತರು. ಜೇಬಿನಿಂದ ಪೊಟ್ಟಣ ತೆಗೆದು ಐದು ಕೆಂಪು ಕಲ್ಲುಗಳನ್ನು ತಟ್ಟೆಗೆ ಸುರಿದರು. ಅವುಗಳಲ್ಲಿ ನಾಲ್ಕು ಮಾರನೇ ದಿನ ನಾನು ಮಾರಲು ಒಯ್ಯಬೇಕಿದ್ದ ಕಲ್ಲುಗಳು. “ಇದ್ರಲ್ಲಿ ಒಂದು ನಿನ್ನಂಥೋರು ಮಾಡಿದ್ದು. ಬೇಕೂಂತ್ಲೇ ಸೇರ್ಸಿದೀನಿ. ಯಾವುದು ಹೇಳು ನೋಡೋಣ.”

ಬೀದಿಯೆಲ್ಲ ಮೇಜಿನ ಸುತ್ತ ಮುತ್ತಿಕೊಂಡಿತು. ತಾವಿನ್ ಒಂದೊಂದನ್ನೇ ನೋಡಿ ಒಂದನ್ನು ಪಕ್ಕಕ್ಕಿಟ್ಟ. ಅಪ್ಪ ಸರಿಯೆಂದು ತಲೆಯಾಡಿಸಿದರು. ಆದರೆ ಅವನು ಚಿಮಟ ಕೆಳಗಿಡಲಿಲ್ಲ. ಇನ್ನೊಂದು ಕಲ್ಲನ್ನು ಎತ್ತಿ, ಬಹಳ ಹೊತ್ತು ನೋಡಿ, ಅದನ್ನೂ ಪಕ್ಕಕ್ಕಿಟ್ಟ.

“ಅದು ನೆಲದ್ದು” ಎಂದರು ಅಪ್ಪ. “ಗಡಿಯಿಂದ ತಂದೋನು ನನಗೆ ಇಪ್ಪತ್ತು ವರ್ಷದ ಪರಿಚಯ.”

“ಅವನಿಗೂ ಯಾರೋ ಟೋಪಿ ಹಾಕಿದಾರೆ, ಯಜಮಾನ್ರೇ. ಕಾಯಿಸಿ ನೀರಿಗೆ ಅದ್ದಿ ಬಿರುಕು ಬರ್ಸಿದಾರೆ, ನೆಲದ್ದರ ಥರ ಕಾಣ್ಲಿ ಅಂತ. ಬಿರುಕಿನ ಹಿಂದೆ ನೋಡಿ. ನೆಲದ್ದಾದ್ರೆ ಕಲ್ಲು ಬೆಳೆದ ಗೆರೆ ನೆಟ್ಟಗಿರುತ್ತೆ. ಇದ್ರಲ್ಲಿ ಬಾಗಿದೆ.”

ಅಪ್ಪ ಲೆನ್ಸ್ ಹಿಡಿದರು. ಒಂದು ಬದಿಯಿಂದ ನೋಡಿದರು, ಇನ್ನೊಂದು ಬದಿಯಿಂದ ನೋಡಿದರು. ಲೆನ್ಸ್ ಕೆಳಗಿಟ್ಟು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನಾಳೆ ಆ ಕಲ್ಲು ನನ್ನ ಚೀಲದಲ್ಲಿರುತ್ತಿತ್ತು. ನನ್ನ ಹೆಸರು ನಾಳೆಗೇ ಮಣ್ಣುಪಾಲಾಗುತ್ತಿತ್ತು.

“ನಲವತ್ತು ವರ್ಷ ಸುಟ್ಟಿದೀನಿ. ನನ್ನ ಕಣ್ಣಿಗೆ ಬೀಳ್ಲಿಲ್ಲ” ಎಂದರು, ಸಣ್ಣ ದನಿಯಲ್ಲಿ.

“ನಾನು ಎಂಟು ವರ್ಷದಿಂದ ನೆಲದ್ದರ ಥರಾನೇ ಮಾಡೋಕೆ ಹೋಗಿ ಸೋಲ್ತಾ ಇದೀನಿ” ಎಂದ ತಾವಿನ್. “ಅದಕ್ಕೇ ವ್ಯತ್ಯಾಸ ಬೇಗ ಕಾಣುತ್ತೆ.”

ಅಪ್ಪ ಹೊಟ್ಟೆ ಕುಲುಕುವಂತೆ ನಕ್ಕರು. ಕಿಲೋಗೆ ಎಷ್ಟೆಂದು ಕೇಳಿದ್ದ ಮಹಾರಾಯ ಆಗಲೇ ಮೆತ್ತಗೆ ತನ್ನದೊಂದು ಪೊಟ್ಟಣ ತೆಗೆದು, “ಇದನ್ನೂ ಸ್ವಲ್ಪ ನೋಡ್ತೀರಾ, ಸಾರ್?” ಎಂದ. ಅವನ ಹಿಂದೆ ಇನ್ನಿಬ್ಬರು ನಿಂತರು.

ನಾನು ಆ ಸಾಲನ್ನು ದಾಟಿ ಮುಂದೆ ಹೋಗಿ, ಮುದ್ರೆ ಒಡೆಯದ ಪೊಟ್ಟಣವನ್ನು ಮೇಜಿನ ಮೇಲಿಟ್ಟೆ.

“ಮಾಲೀಕರು ಬೋ ರೈಯಿಂದ ಬಂದಿದಾರೆ” ಎಂದೆ.

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಎಪ್ಪತ್ತಕ್ಕೆ ಚೆನ್ನಾಗಿ ಕಾಪಾಡ್ಕೊಂಡಿದಾರೆ.”

“ಸಿಡುಕು ಹೋಗಿಲ್ಲ, ಹುಷಾರು.”

ಇಬ್ಬರೂ ಸೇರಿ ಟೇಪು ಕತ್ತರಿಸಿದೆವು. ಅವನು ಬೆಲೆಯ ಜಾಗದಲ್ಲಿದ್ದ ಐನೂರನ್ನು ಹೊಡೆದುಹಾಕಿ ಎಷ್ಟು ಬರೆಯಲಿ ಎಂದು ಕೇಳಿದ. “ಈಗ ಬೇಡ. ಬೆಳೆದ ಮೇಲೆ ನೋಡೋಣ” ಎಂದೆ. ಅವನು ಆ ಹಳೆಯ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

ಎಂಟು ತಿಂಗಳು ಎಂದರೆ ಎಷ್ಟು ಉದ್ದವೆಂದು ನನಗೆ ಆಮೇಲೆ ಗೊತ್ತಾಯಿತು. ಮಳೆ ಹಿಡಿಯಿತು, ಬಿಟ್ಟಿತು. ಅವನ ಜನರೇಟರ್ ಪಕ್ಕ ಅಪ್ಪ ಒಂದು ಕುರ್ಚಿ ಹಾಕಿಸಿಕೊಂಡರು, ಇಬ್ಬರೂ ಡಿಗ್ರಿ ಡಿಗ್ರಿ ಎಂದು ಜಗಳವಾಡಿದರು. ನನ್ನ ಅವನ ನಡುವೆ ನೀವು ಹೋಗಿ ನೀನು ಬಂತು. ಬೀದಿಯವರು ಅನುಮಾನದ ಕಲ್ಲನ್ನೆಲ್ಲ ಮೊದಲು ಅವನಿಗೆ ತೋರಿಸಿ ಆಮೇಲೆ ನನಗೆ ಕೊಡತೊಡಗಿದರು. ಆದರೂ ಅವನು ಬಾಯಿಬಿಟ್ಟು ಮನಸ್ಸಿನ ಮಾತು ಹೇಳಲಿಲ್ಲ. ಕಾಯುವುದು ಅವನಿಗೆ ಅಭ್ಯಾಸವಾಗಿಬಿಟ್ಟಿದೆ, ಹೀಗೇ ಕಾಯುತ್ತ ಮುದುಕನಾಗುತ್ತಾನೆ ಎಂದು ನಾನು ಲಮೈ ಅಕ್ಕನ ಮುಂದೆ ಅತ್ತಿದ್ದೂ ಉಂಟು.

ಮತ್ತೆ ಬೀದಿಗೆಲ್ಲ ದುರಿಯನ್ ಹಣ್ಣಿನ ವಾಸನೆ ಬರುವ ಕಾಲದ ಒಂದು ಶುಕ್ರವಾರ, ಅವನು ತಟ್ಟೆಯಲ್ಲಿ ಒಂದೇ ಒಂದು ಕಲ್ಲಿಟ್ಟು ಲೆನ್ಸ್ ನನ್ನ ಕೈಗೆ ಕೊಟ್ಟ. ಕಡಲೆಕಾಳಿನಷ್ಟು ದೊಡ್ಡ ಕೆಂಪು. ಹೊರಗೆಲ್ಲ ತಿಳಿ, ಸ್ವಚ್ಛ, ಅವನದು. ನಟ್ಟನಡುವೆ ಅಕ್ಕಿ ಕಾಳಿನಷ್ಟು ಜಾಗದಲ್ಲಿ ನನ್ನ ಅಡ್ಡಬಿರುಕು, ಒಂದಿಷ್ಟೂ ಕದಲದೆ ಹಾಗೇ ಇತ್ತು. ಕಣ್ಣು ಮಂಜಾಗಿ ಲೆನ್ಸ್ ಒರೆಸಿಕೊಂಡೆ.

“ಬಿರುಕನ್ನ ಮುಚ್ಚಬಹುದಿತ್ತಲ್ಲ?”

“ಮುಚ್ಚಿದ್ರೆ ನಿನ್ನದು ಅಂತ ಗುರುತು ಹೇಗೆ ಹಿಡೀಲಿ?”

“ಇದನ್ನ ಏನಂತ ಮಾರ್ತೀಯ? ನೆಲದ್ದಾ, ಕುಲುಮೆದಾ?”

“ಮಾರೋದಾ? ನಾನು ಬರೀ ದಲ್ಲಾಳಿ ಕಣೆ” ಎಂದ. “ಮಾಲೀಕರನ್ನ ಕೇಳ್ಬೇಕು.”

ಜೇಬಿನಿಂದ ಆ ಹಳೆಯ ಕಾಗದ ತೆಗೆದು, ಕಲ್ಲನ್ನು ಅದರಲ್ಲೇ ಸುತ್ತಿ, ಹೊಸ ಟೇಪು ಹಾಕಿದ. ಬೆಲೆಯ ಜಾಗದಲ್ಲಿ ಬರೆದಿದ್ದು: ‘ನಾನು. ಪೂರ್ತಿಯಾಗಿ.’ ಅಡ್ಡಕ್ಕೆ ಸಹಿ ಹಾಕಿ ನನ್ನ ಕಡೆ ತಳ್ಳಿದ.

“ಮುದ್ರೆ ಬಿದ್ದಿದೆ” ಎಂದ. “ಉತ್ತರ ಬರೋವರೆಗೂ ಇನ್ಯಾರಿಗೂ ತೋರ್ಸೋ ಹಾಗಿಲ್ಲ. ಕಲ್ಲನ್ನೂ, ನನ್ನನ್ನೂ.”

ನಾನು ಪೊಟ್ಟಣ ತೆಗೆದುಕೊಂಡು ಹೊರಟೆ. ಪದ್ಧತಿ ಎಂದರೆ ಪದ್ಧತಿ, ಮಾಲೀಕರನ್ನು ಕೇಳಿಯೇ ಬರಬೇಕು. ಬೀದಿಯ ಈ ತುದಿಯಿಂದ ಆ ತುದಿಗೆ ನಡೆದೆ. ಲಮೈ ಅಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಒಂದೊಂದು ಮೇಜಿನವರೂ ಲೆನ್ಸ್ ಕೆಳಗಿಟ್ಟು ನೋಡಿದರು. ತುದಿಯಲ್ಲಿ ಅಪ್ಪ ಕುಲುಮೆಯ ಮಸಿ ಮೆತ್ತಿದ ಅಂಗಿಯಲ್ಲೇ ನಿಂತಿದ್ದರು. ನನ್ನ ಕೈಯಲ್ಲಿದ್ದ ಪೊಟ್ಟಣವನ್ನು ಓದಿ, “ನನ್ನನ್ನೇನು ಕೇಳ್ತೀಯ? ಮಾಲೀಕಳು ನೀನು” ಎಂದು ನನ್ನ ಭುಜ ಹಿಡಿದು ಬಂದ ದಾರಿಗೇ ತಿರುಗಿಸಿದರು.

ವಾಪಸು ಬರುವಾಗ ಓಡಬಾರದೆಂದುಕೊಂಡಿದ್ದೆ. ಓಡಿದೆ.

ಇಷ್ಟು ವರ್ಷ ನಾನು ಮೇಜಿನ ಈಚೆ ನಿಂತೇ ವ್ಯಾಪಾರ ಮಾಡಿದವಳು. ಅವತ್ತು ಮೊದಲ ಬಾರಿ ಮೇಜನ್ನು ಸುತ್ತಿ ಆಚೆ ಹೋದೆ. ಅವನ ಪಕ್ಕದ ಕುರ್ಚಿಯಲ್ಲಿ ಕೂತು ಉಸಿರು ಸುಧಾರಿಸಿಕೊಂಡೆ. ಅವನು ನನ್ನ ಕಡೆ ತಿರುಗಲಿಲ್ಲ. ತಿರುಗುವ ಧೈರ್ಯವಿರಲಿಲ್ಲ ಪಾಪ, ಕಿವಿ ಮಾತ್ರ ಕೆಂಪಾಗಿತ್ತು.

“ಕತ್ತರಿ ಕೊಡು” ಎಂದೆ. “ಮಾಲೀಕರು ಒಪ್ಪಿದಾರೆ.”