ಉಳಿದುಹೋದ ಎಂಟರ್

"ವಯಸ್ಸು? ವಯಸ್ಸು? ವಯಸ್ಸು?... ಒಬ್ಬ ಹೆಣ್ಣುಮಗಳನ್ನ ಎಷ್ಟು ಸಲ ಕೇಳುತ್ತೆ ರೀ ನಿಮ್ಮ ಪ್ರೋಗ್ರಾಂ? ಸ್ವಲ್ಪನಾದ್ರೂ ಮಾನ ಮರ್ಯಾದೆ ಬೇಡ್ವಾ?"

ಕಣ್ಣಾಸ್ಪತ್ರೆಯ ನೋಂದಣಿ ಕೌಂಟರಿನ ಹುಡುಗಿ ಹೀಗೆ ಹರಿಹಾಯ್ದಾಗ, ಆ ಪ್ರೋಗ್ರಾಂ ಬರೆದವನು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ಕಪ್ಪು ಪರದೆಯ ತುಂಬ ಅದೊಂದೇ ಪ್ರಶ್ನೆ ಓಡುತ್ತಿತ್ತು.

"'26 ವರ್ಷ' ಅಂತ ಹೊಡೆದಿದ್ದೀರಿ. ಅದಕ್ಕೆ ಅಂಕಿ ಮಾತ್ರ ಗೊತ್ತು. 'ವರ್ಷ' ನುಂಗೋಕಾಗದೆ ಒದ್ದಾಡ್ತಿದೆ, ಪಾಪ."

"ಪಾಪ ಅಂತೆ!" ಮುಖ ತಿರುಗಿಸಿದರೂ ಅವಳಿಗೆ ನಗು ತಡೆಯಲಾಗಲಿಲ್ಲ.

ಆ ನಗುವಿಗೇ ಅವನು ಬಿದ್ದ. ಎಂಟು ತಿಂಗಳು ಇಲ್ಲದ ನೆಪ ಹುಡುಕಿಕೊಂಡು ಕೌಂಟರಿಗೆ ಬಂದ. ಅವಳೂ ಕಾಯುತ್ತಿದ್ದಳು, ಹೇಳಲಿಲ್ಲ ಅಷ್ಟೇ.

ಒಂದು ಸೋಮವಾರ, "ಹೊಸ ಫಾರಂ ರೀ, ನಿಮ್ಮ ವಿವರ ಹಾಕಿ ನೋಡಿ" ಎಂದು ಹೇಳಿ ಹೊರಗೆ ಓಡಿದವನು ಮರುದಿನದಿಂದ ಕಣ್ಣೆತ್ತಿ ನೋಡಲಿಲ್ಲ. "ರೀ" ಹೋಗಿ "ಮೇಡಂ" ಬಂತು!

'ನಾನೇನು ತಪ್ಪು ಮಾಡಿದೆ?...' ಅವಳಿಗೆ ಊಟ ಸೇರಲಿಲ್ಲ.

ಶುಕ್ರವಾರ ಸುದ್ದಿ ತಿಳಿಯಿತು. ಅವನು ಬೇರೆ ಊರಿನ ಶಾಖೆಗೆ ಹೊರಟಿದ್ದಾನೆ, ಇಲ್ಲಿ ಅಂದೇ ಕೊನೆಯ ದಿನ. ಅವಳು ಆ ಸೋಮವಾರದ ಫಾರಂ ನೆನಪಾಗಿ ತನ್ನ ದಾಖಲೆ ತೆರೆದಳು. ಹೆಸರು, ವಯಸ್ಸು ಸರಿಯಾಗಿದ್ದವು. ಕೆಳಗೆ ಇನ್ನೊಂದು ಸಾಲಿತ್ತು.

'ನನ್ನ ಜೊತೆ ಬಾಳ್ತೀರಾ? : ಇಲ್ಲ.'

ಅವಳು ಕಂಪ್ಯೂಟರ್ ಕೋಣೆಗೆ ಓಡಿದಳು.

"ಈ ಪ್ರಶ್ನೆ ನಾನು ನೋಡೇ ಇಲ್ಲ! ವಯಸ್ಸು ಹೊಡೆದೆ, ಎಂಟರ್ ಒತ್ತಿದೆ, ಪರದೆ ಅಳಿಸಿಹೋಗಿ 'ಧನ್ಯವಾದ' ಅಂತ ಬಂತು. ಅಷ್ಟೇ!"

ಅವನು ಹಣೆ ಚಚ್ಚಿಕೊಂಡ.

"ಅಯ್ಯೋ... ಎಂಟರ್! ಪ್ರೋಗ್ರಾಂ ಅಂಕಿ ಮಾತ್ರ ತಗೊಂಡು, ನೀವು ಒತ್ತಿದ ಎಂಟರನ್ನ ಹಾಗೇ ಬಿಟ್ಟಿದೆ. ಮುಂದಿನ ಪ್ರಶ್ನೆಗೆ ಅದೇ ಉತ್ತರ ಆಗ್ಬಿಟ್ಟಿದೆ. ಮೊದಲಕ್ಷರ 'ಹ' ಅಲ್ಲದಿದ್ರೆ 'ಇಲ್ಲ' ಅಂತ ತಗೋ ಅಂತ ಬರೆದವನೂ ನಾನೇ..."

"ಬಾಯಿಬಿಟ್ಟು ಕೇಳೋಕೆ ಏನಾಗಿತ್ತು ನಿಮಗೆ?" ಅವಳ ಕಣ್ಣು ತುಂಬಿ ಬಂತು.

"ಭಯ."

ಉಳಿದ ಎಂಟರನ್ನು ತೆಗೆದುಹಾಕುವ ಒಂದು ಸಾಲು ಸೇರಿಸಿ, ಪ್ರೋಗ್ರಾಂ ಮತ್ತೆ ಓಡಿಸಿದ. ಹೆಸರು ಕೇಳಿತು. ವಯಸ್ಸು ಕೇಳಿತು. ಆಮೇಲೆ ಆ ಪ್ರಶ್ನೆ ಬಂದು, ಈ ಸಲ ಸುಮ್ಮನೆ ಕಾಯುತ್ತಾ ನಿಂತಿತು.

"ಒಂದಕ್ಷರ ಸಾಕು..." ಎಂದ.

ಅವಳು ನಿಧಾನವಾಗಿ ಹೊಡೆದಳು: 'ಹೌದು ಕಣೋ, ಪೆದ್ದು.'

"ಮೊದಲಕ್ಷರ ಬಿಟ್ಟು ಬೇರೇನೂ ಅದು ಓದಲ್ಲ ರೀ..."

"ಅದು ಓದದಿದ್ರೆ ಬಿಡು," ಎಂದು ಅವಳು ಅವನ ಭುಜಕ್ಕೆ ಹಣೆಯಾನಿಸಿದಳು. "ನೀನು ಓದು."