ನಡುವಿನ ಖಾಲಿ ಜಾಗ

"ಅಲ್ಲಾಡಬೇಡಿ ಅಂದೆ ತಾನೇ!"

ಸ್ಕೇಲು ಹಿಡಿದ ಅವಳ ಕೈ ಅವನ ಮೂಗಿನ ಮೇಲೆಯೇ ನಿಂತುಬಿಟ್ಟಿತು. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಎರಡು ಕಣ್ಣುಗಳ ನಡುವಿನ ಅಂತರ ಅಳೆಯುವುದು ಅವಳ ದಿನನಿತ್ಯದ ಕೆಲಸ. ಎಷ್ಟೋ ಮುಖಗಳನ್ನು ಹೀಗೆ ಗೇಣು ದೂರದಿಂದ ನೋಡಿದ್ದಾಳೆ. ಒಂದೂ ಅವಳ ಎದೆಬಡಿತ ಏರಿಸಿದ್ದಿಲ್ಲ.

ಈ ಮನುಷ್ಯ ಮಾತ್ರ... ಹೇಳಿದ ಕಡೆ ನೋಡುತ್ತಲೇ ಇಲ್ಲ!

"ನನ್ನ ಹಣೆ ನೋಡಿ ಅಂದ್ರೆ, ಎಲ್ಲಿ ನೋಡ್ತಿದೀರಿ ನೀವು?"

"ನಿಮ್ಮ ಕಿವಿಗೂ ಭುಜಕ್ಕೂ ಮಧ್ಯೆ ಖಾಲಿ ಜಾಗ ಇದೆಯಲ್ಲ... ಅದನ್ನ."

"ಏನಂದ್ರಿ?"

"ಬೇಜಾರು ಮಾಡ್ಕೋಬೇಡಿ. ತುಂಬಾ ಚೆನ್ನಾಗಿದೆ. ನೀವಲ್ಲ... ಛೆ! ಅಂದ್ರೆ ನೀವೂ... ನಾನು ಹೇಳಿದ್ದು ಆ ಜಾಗದ ವಿಷಯ!"

ಅವಳು ಸರಕ್ಕನೆ ಎಡಗೆನ್ನೆಯನ್ನು ಆಚೆ ತಿರುಗಿಸಿ ಕೂದಲನ್ನು ಮುಂದಕ್ಕೆಳೆದುಕೊಂಡಳು. ಚಿಕ್ಕಂದಿನಲ್ಲಿ ಕುದಿಯುವ ನೀರು ಬಿದ್ದು, ಕಿವಿಯ ಕೆಳಗಿನಿಂದ ದವಡೆಯವರೆಗೆ ಸುಟ್ಟ ಗುರುತು ಉಳಿದಿತ್ತು. ಒಮ್ಮೆ ಹೆಣ್ಣು ನೋಡಲು ಬಂದಿದ್ದ ಹುಡುಗನ ತಾಯಿ, "ಇದು ಹೋಗೋದೇ ಇಲ್ವಾ?" ಎಂದು ಕೇಳಿ, ಹಾಗೇ ಎದ್ದು ಹೋಗಿದ್ದರು. ಅಂದಿನಿಂದ ಅವಳು ಜನರಿಗೆ ಬಲಗೆನ್ನೆ ಮಾತ್ರ ತೋರಿಸುತ್ತಿದ್ದಳು.

'ನೋಡಿಬಿಟ್ಟ! ಈಗ ಜಾಗ ಗೀಗ ಅಂತ ನೆಪ ಹೇಳ್ತಿದಾನೆ!'

"ನಾಳೆ ಬಂದು ಕನ್ನಡಕ ತಗೊಂಡು ಹೋಗಿ," ಎಂದಳು ಗಂಟು ಮುಖದಲ್ಲಿ.

ಪುಣ್ಯಾತ್ಮ, ಮಾರನೇ ದಿನ ಬರಲೇ ಇಲ್ಲ. ಮರೆತುಬಿಟ್ಟಿದ್ದ!

*

ಅವಳ ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಶಿಫ್ಟಿನ ಕೆಲಸ. ಹಾಗಾಗಿ ಅಕ್ಕನ ಮಗಳ ಶಾಲೆ, ಊಟ, ಜಗಳ ಎಲ್ಲವೂ ಇವಳ ತಲೆಗೆ. ಹುಡುಗಿ ಬಾಯಿ ತೆರೆದರೆ ಮುಚ್ಚುವವಳಲ್ಲ, ಅದಕ್ಕೇ ಮನೆಯಲ್ಲಿ ಅವಳ ಹೆಸರು ಪಟಾಕಿ. ಪಟಾಕಿಗೆ ಇವಳು ಚಿಕ್ಕಿ. ನಾವೂ ಚಿಕ್ಕಿ ಅಂತಲೇ ಕರೆಯೋಣ.

ಪಟಾಕಿಗೆ ಒಂದೇ ಕನಸು. ಹೈಸ್ಕೂಲಿನ ಮೇಲಿನ ತರಗತಿಯಲ್ಲಿ ಚಿತ್ರಕಲೆಯ ವಿಶೇಷ ಕೋರ್ಸು ಸೇರಬೇಕು. ಅಲ್ಲಿ ಸೀಟು ಸುಮ್ಮನೆ ಸಿಗುವುದಿಲ್ಲ. ರಜೆಯಲ್ಲಿ ಒಂದೇ ಪ್ರಶ್ನೆ ಹಿಡಿದು ಚಿತ್ರದ ಮೇಲೆ ಚಿತ್ರ ಬರೆದು ಒಪ್ಪಿಸಬೇಕು. ಚಿತ್ರ ಚೆಂದ ಇದ್ದರೆ ಸಾಲದು, ಬರೆದವರು ಏನನ್ನು ಹುಡುಕಿದರು ಅನ್ನುವುದು ಕಾಣಬೇಕು. ಇನ್ನೊಂದು ಕಟ್ಟುನಿಟ್ಟಿನ ನಿಯಮವಿತ್ತು. ಹಾಳೆಯ ಮೇಲೆ ಬೇರೆಯವರ ಒಂದು ಗೆರೆ ಬಿದ್ದರೂ, ಅದು ಮೇಷ್ಟ್ರ ಗೆರೆಯೇ ಆದರೂ, ಆ ಹಾಳೆ ಕಸಕ್ಕೆ ಸಮ.

ರಜೆಯ ತಯಾರಿ ತರಗತಿಯ ಮೊದಲ ವಾರವೇ ಪಟಾಕಿ ಅಳುತ್ತಾ ಬಂದಳು.

"ಚಿಕ್ಕೀ! ಆ ಡ್ರಾಯಿಂಗ್ ಮೇಷ್ಟ್ರು ಕುರ್ಚಿ ಬರೀಬೇಡ ಅಂತಾರೆ. ಕುರ್ಚಿ ಕಾಲಿನ ಸಂದಿ ಬರಿ ಅಂತಾರೆ. ವಾರ ಪೂರ್ತಿ ಬರೀ ಸಂದಿ!"

ಚಿಕ್ಕಿಗೆ ಪಿತ್ತ ನೆತ್ತಿಗೇರಿತು. ಮಾರನೇ ದಿನ ಶಾಲೆಯ ಚಿತ್ರಶಾಲೆಯ ಬಾಗಿಲು ದೂಡಿಕೊಂಡು ಒಳಗೆ ಹೋದಳು.

"ಇಲ್ಲಿ ಯಾರ್ರೀ ಡ್ರಾಯಿಂಗ್ ಮೇಷ್ಟ್ರು?"

ತೊಟ್ಟಿಯಲ್ಲಿ ಬ್ರಷ್ ತೊಳೆಯುತ್ತಿದ್ದವನು ತಿರುಗಿದ. ಕಡ್ಡಿ ಮುರಿದ ಹಳೇ ಕನ್ನಡಕಕ್ಕೆ ಟೇಪು ಸುತ್ತಿಕೊಂಡಿದ್ದ!

"ನೀವಾ!" ಇಬ್ಬರ ಬಾಯಲ್ಲೂ ಒಂದೇ ಮಾತು.

"ನಿಮ್ಮ ಕನ್ನಡಕ ಅಂಗಡಿಯಲ್ಲಿ ಧೂಳು ಹಿಡೀತಿದೆ. ಅದಿರಲಿ. ಮಗುಗೆ ಖಾಲಿ ಸಂದಿ ಬರೆಸ್ತಿದೀರಂತಲ್ಲ, ಇದೂ ಒಂದು ಪಾಠವಾ?"

ಮೇಷ್ಟ್ರು ಸಿಟ್ಟಾಗಲಿಲ್ಲ. ಒಂದು ಸ್ಟೂಲು ಎಳೆದು ಹಾಕಿದರು. "ಕೂತ್ಕೊಳ್ಳಿ. ಎದುರಿಗಿರೋ ಆ ಕುರ್ಚಿ ನೋಡಿ. ಕುರ್ಚಿಯನ್ನ ಮರ್ತುಬಿಡಿ. ಕಾಲುಗಳ ಮಧ್ಯೆ ಏನಿದೆ ಹೇಳಿ."

"ಏನೂ ಇಲ್ಲ."

"ಇನ್ನೊಂದ್ಸಲ ನೋಡಿ."

ಅವಳು ಒಲ್ಲದ ಮನಸ್ಸಿನಿಂದ ನೋಡಿದಳು. ಏನೂ ಇಲ್ಲ... ಏನೂ ಇಲ್ಲ... ಆಮೇಲೆ, ಯಾವಾಗ ಅಂತ ಅವಳಿಗೇ ತಿಳಿಯಲಿಲ್ಲ, ಆ ಖಾಲಿ ಎದ್ದು ಮುಂದೆ ಬಂತು! ಮೇಲೆ ಅಗಲ, ಕೆಳಗೆ ಕಿರಿದು, ಒಂದು ಮೂಲೆಯಲ್ಲಿ ತುಸು ಬಾಗಿದ, ಬಿಸಿಲು ತುಂಬಿದ ಆಕಾರ. ಕುರ್ಚಿಯೇ ಹಿಂದೆ ಸರಿದುಹೋಗಿತ್ತು. ಚಿಕ್ಕಿಯ ಮೈ ಜುಮ್ಮೆಂದಿತು. ಹುಟ್ಟಿದಾಗಿನಿಂದ ಕುರ್ಚಿಗಳ ನಡುವೆ ಬದುಕಿದವಳು, ಇಂಥದ್ದೊಂದು ಇದೆ ಎಂದು ಒಂದು ದಿನವೂ ಕಂಡಿರಲಿಲ್ಲ.

"ಅಯ್ಯೋ..." ಎಂದಳು ಮೆಲ್ಲಗೆ. "ಇದು ಇಷ್ಟು ದಿನ ಎಲ್ಲಿತ್ತು?"

"ಇಲ್ಲೇ ಇತ್ತು. ಯಾರೂ ಕೇಳಿರಲಿಲ್ಲ ಅಷ್ಟೇ," ಎಂದು ಮೇಷ್ಟ್ರು ನಕ್ಕರು.

ಅಂಗಡಿಯಲ್ಲಿ ಅವನು ಹೇಳಿದ್ದು ನೆಪ ಅಲ್ಲ, ನಿಜ! ಜಗಳಕ್ಕೆ ಬಂದವಳು ಮಧ್ಯಾಹ್ನದವರೆಗೆ ಆ ಸ್ಟೂಲಿನಿಂದ ಏಳಲಿಲ್ಲ.

*

ಆಮೇಲಿನದ್ದನ್ನು ನಾನು ಬೇರೆ ಹೇಳಬೇಕೇ? ಮಕ್ಕಳಿಗೆ ನೋಡಿ ಬರೆಯಲು ಅಲ್ಲಾಡದೆ ಕೂರುವವರು ಬೇಕಿತ್ತು. ಚಿಕ್ಕಿ ತಾನಾಗಿಯೇ ಒಪ್ಪಿಕೊಂಡಳು. ಬೆಳಿಗ್ಗೆ ಚಿತ್ರಶಾಲೆ, ಮಧ್ಯಾಹ್ನದ ಮೇಲೆ ಅಂಗಡಿ. ಮೇಷ್ಟ್ರಿಗೆ ಹೊಸ ಕನ್ನಡಕವನ್ನು ತಾನೇ ತಂದು, ಕಿವಿಯ ಹಿಂದೆ ಕೈ ಹಾಕಿ ಸರಿಮಾಡಿ ಕೂರಿಸಿದಳು. ಕೂರಿಸಲು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಿತು ಅನ್ನಿ!

ಪಟಾಕಿ ಎಲ್ಲವನ್ನೂ ನೋಡುತ್ತಿದ್ದಳು. ಅವಳ ಕೈಯಲ್ಲಿ ಕಪ್ಪು ಇಂಕು, ಮುಂದೆ ಬಿಳಿ ಹಾಳೆ.

"ನಿನ್ನ ಪ್ರಶ್ನೆ ಏನೇ?" ಎಂದು ಚಿಕ್ಕಿ ಕೇಳಿದರೆ, "ಮುಗಿದ್ಮೇಲೆ ತೋರಿಸ್ತೀನಿ. ಈಗ ಬಾಯ್ಮುಚ್ಕೊಂಡು ಕೂತ್ಕೋ," ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಕಿಟಕಿಯ ಬೆಳಕು ಎಡಗಡೆಯಿಂದ ಬರುತ್ತಿತ್ತು. ಚಿಕ್ಕಿ ಒಂದು ಗಳಿಗೆ ಯೋಚಿಸಿದಳು. ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿ, ಎಡಗೆನ್ನೆಯನ್ನು ಬೆಳಕಿಗೆ ಕೊಟ್ಟು ಕೂತಳು. ಎಷ್ಟು ವರ್ಷಗಳ ಮೇಲೆ! ಮೇಷ್ಟ್ರು ಕೈಯಲ್ಲಿದ್ದ ಇದ್ದಿಲು ಕೆಳಗಿಟ್ಟರು. ಸುಮ್ಮನೆ ನೋಡುತ್ತಾ ನಿಂತರು. ಅವಳ ಕಣ್ಣು ತುಂಬಿ ಬಂತು.

ತರಗತಿ ಮುಗಿಯಿತು. ಅಂಗಡಿ ತಲುಪಿ ಸುಮಾರು ಹೊತ್ತಾದ ಮೇಲೆ, ಚೀಲ ಮರೆತಿದ್ದು ನೆನಪಾಗಿ ವಾಪಸ್ಸು ಬಂದಳು. ಬಾಗಿಲಲ್ಲೇ ಕಾಲು ಕಟ್ಟಿಹಾಕಿದಂತಾಯಿತು.

ಮೇಷ್ಟ್ರು ಒಬ್ಬರೇ ಇದ್ದರು. ಪಟಾಕಿಯ ಹಾಳೆಯ ಮುಂದೆ ನಿಂತು, ರಬ್ಬರಿನ ಉಂಡೆ ಒತ್ತಿ ಒತ್ತಿ ಅಳಿಸುತ್ತಿದ್ದರು. ಅಳಿಸುತ್ತಿದ್ದದ್ದು... ಅವಳ ಮುಖವನ್ನು. ಅವಳ ಎಡಗೆನ್ನೆಯನ್ನು!

ಸದ್ದು ಕೇಳಿ ಅವರು ತಿರುಗಿದರು. ಮುಖ ಬಿಳಿಚಿಕೊಂಡಿತು.

"ಅದು... ಇದು ಇಲ್ಲಿ ಇರಬಾರದು. ಅದಕ್ಕೇ..."

"ಹೌದು," ಎಂದಳು ಚಿಕ್ಕಿ. ಸ್ವರ ಅವಳಿಗೇ ಅಪರಿಚಿತವಾಗಿತ್ತು. "ಇರಬಾರದು. ನಾನೇ ಮರ್ತಿದ್ದೆ."

ಚೀಲ ತೆಗೆದುಕೊಂಡು ಹೊರಟಳು. ಬೀದಿಗೆ ಬಂದ ಮೇಲೆ ಕೂದಲನ್ನು ಮತ್ತೆ ಕೆನ್ನೆಯ ಮೇಲೆ ಎಳೆದುಕೊಂಡಳು. 'ನಿನಗೆ ಬೇಕಿತ್ತಾ ಇದು? ಬೇಕಿತ್ತಾ?' ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

*

ಮೇಷ್ಟ್ರು ಅಂಗಡಿಗೆ ಬಂದರು.

"ಆವತ್ತು ನಾನು..."

"ಕನ್ನಡಕ ಕೊಡಿ." ಅವಳು ತಲೆ ಎತ್ತಲಿಲ್ಲ. "ಸ್ಕ್ರೂ ಸಡಿಲ ಆಗಿದೆ. ಬಿಗಿ ಮಾಡಿದೀನಿ. ಮುಂದಿನವರು ಬನ್ನಿ!"

ಮುಂದಿನವರು ಯಾರೂ ಇರಲಿಲ್ಲ. ಆದರೂ ಮೇಷ್ಟ್ರು ಪೆಚ್ಚುಮೋರೆ ಹಾಕಿಕೊಂಡು ಹೋದರು. ಇಂಥ ಮನುಷ್ಯನನ್ನು ಏನೆನ್ನಬೇಕು ಹೇಳಿ! ಇಡೀ ಜಗತ್ತಿಗೆ ನೋಡುವುದನ್ನು ಕಲಿಸುತ್ತಾನೆ, ಬಾಯಿಬಿಟ್ಟು ನಾಲ್ಕು ಮಾತಾಡಲು ಬರುವುದಿಲ್ಲ.

ಚಿಕ್ಕಿ ಚಿತ್ರಶಾಲೆಯ ಕಡೆ ತಲೆ ಹಾಕಲಿಲ್ಲ. ಪಟಾಕಿ ಗೋಗರೆದಳು, ಮುನಿಸಿಕೊಂಡಳು, ಊಟ ಬಿಟ್ಟಳು. ಕಡೆಗೆ ಚಿತ್ರ ಒಪ್ಪಿಸುವ ದಿನವೇ ಬಂತು.

"ಚಿಕ್ಕಿ, ಇವತ್ತು ಸಂಜೆ ಬೆಲ್ ಹೊಡೆಯೋದ್ರೊಳಗೆ ಒಪ್ಪಿಸಬೇಕು. ಕೊನೇ ಚಿತ್ರ ಇಲ್ಲ ನನ್ನ ಹತ್ರ. ನೀನು ಬಂದು ಕೂರದೇ ಇದ್ರೆ ಸರಣಿ ಪೂರ್ತಿ ಆಗಲ್ಲ. ಸೀಟೂ ಇಲ್ಲ."

"ಬೇರೆ ಯಾರನ್ನಾದ್ರೂ ಕೂರಿಸ್ಕೋ."

"ಆಗಲ್ಲ! ಪ್ರಶ್ನೆನೇ ನೀನು!" ಪಟಾಕಿ ಬಿಕ್ಕಿದಳು. "ನಿಮ್ಮಿಬ್ಬರ ಜಗಳಕ್ಕೆ ನನ್ನ ಸೀಟು ಯಾಕೆ ಹೋಗಬೇಕು?"

ಆ ಮಾತು ಚಿಕ್ಕಿಯ ಕರುಳಿಗೆ ತಾಗಿತು. ಚಪ್ಪಲಿ ಮೆಟ್ಟಿಕೊಂಡು ಹೊರಟಳು. 'ಮಗುಗೋಸ್ಕರ. ಅಷ್ಟೇ. ಆ ಮನುಷ್ಯನ ಮುಖ ನೋಡೋದೇ ಬೇಡ.'

ಚಿತ್ರಶಾಲೆಯ ಉದ್ದ ಗೋಡೆಗೆ ಪಟಾಕಿ ತನ್ನ ಚಿತ್ರಗಳನ್ನು ವರಸೆಯಾಗಿ ಅಂಟಿಸಿದ್ದಳು.

ಚಿಕ್ಕಿ ಮೊದಲನೆಯದರ ಮುಂದೆ ನಿಂತಳು. ಅಲ್ಲಿ ಮನುಷ್ಯರೇ ಇರಲಿಲ್ಲ. ಇಬ್ಬರ ನಡುವಿನ ಜಾಗ ಮಾತ್ರ ಕಪ್ಪು ಇಂಕಿನಲ್ಲಿ, ಹಾಳೆಯ ತುಂಬ. ಬಲಕ್ಕೆ ಸ್ಟೂಲಿನ ಮೇಲೆ ಕೂತ ಹೆಂಗಸಿನ ಬಿಳಿ ಅಂಚು, ಎಡಕ್ಕೆ ತೊಟ್ಟಿಯ ಪಕ್ಕ ನಿಂತ ಗಂಡಸಿನ ಬಿಳಿ ಅಂಚು. ಎರಡನೆಯದರಲ್ಲಿ ಆ ಕಪ್ಪು ತುಸು ಕಿರಿದಾಗಿತ್ತು. ಮೂರನೆಯದರಲ್ಲಿ ಇನ್ನೂ... ಒಂದೊಂದೇ ಹೆಜ್ಜೆ ಇಡುತ್ತಾ ಅವಳು ಗೋಡೆಯುದ್ದಕ್ಕೂ ನಡೆದಳು. ಜೊತೆಗೆ ಬ್ರಷ್ ತೊಳೆದ ದಿನ, ಕನ್ನಡಕ ತೊಡಿಸಿದ ದಿನ, ಏನೋ ಹೇಳಿ ಇಬ್ಬರೂ ಬಗ್ಗಿ ನಕ್ಕ ದಿನ. ಕಪ್ಪು ಕರಗುತ್ತಾ ಕರಗುತ್ತಾ ಅಂಗೈ ಅಗಲಕ್ಕೆ ಬಂದಿತ್ತು!

ತಾನು ತನಗೇ ಹೇಳಿಕೊಳ್ಳದಿದ್ದುದನ್ನು ಈ ಚೋಟುದ್ದದ ಹುಡುಗಿ ದಿನ ದಿನವೂ ಕೂತು ಬರೆದಿದ್ದಾಳಲ್ಲ! ಒಂದೇ ಒಂದು ಮುಖವಿಲ್ಲ, ಒಂದು ಮಾತಿಲ್ಲ. ಆದರೂ ಎಲ್ಲವೂ ಇತ್ತು.

"ನೀನು... ನೀನು ಇದನ್ನೆಲ್ಲ ಹೇಗೆ ಕಂಡೆ?"

"ಖಾಲಿ ಜಾಗ ನೋಡು ಅಂದ್ರು ಸರ್. ನೋಡಿದೆ," ಎಂದಳು ಪಟಾಕಿ ಮೂಗೊರೆಸುತ್ತಾ.

ಸಾಲಿನ ಕೊನೆಗೆ ಒಂದು ಹಾಳೆಯಷ್ಟು ಗೋಡೆ ಬರಿದಾಗಿತ್ತು. ಪಕ್ಕದ ಮೇಜಿನ ಮೇಲೆ, ಬೇರೆಯಾಗಿ, ಆ ಅಳಿಸಿದ ಹಾಳೆ ಬಿದ್ದಿತ್ತು.

"ಇದನ್ನ ಯಾಕೆ ಗೋಡೆಗೆ ಹಾಕಿಲ್ಲ?"

"ಹಾಕೋ ಹಾಗಿಲ್ಲ. ಅದ್ರಲ್ಲಿ ನನ್ನ ಗೆರೆ ಅಲ್ಲದ್ದು ಇದೆ."

ಚಿಕ್ಕಿ ಹಾಳೆ ಎತ್ತಿಕೊಂಡಳು. ಪಟಾಕಿ ಬಿಳಿಯಾಗಿ ಬಿಟ್ಟಿದ್ದ ಮುಖದೊಳಗೆ ಮಸುಕು ಮಸುಕಾಗಿ ಏನೋ ಉಳಿದಿತ್ತು. ಇದ್ದಿಲಿನ ಗೆರೆ ಎಷ್ಟು ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಗಾಜು ಪರೀಕ್ಷಿಸುವ ಭೂತಗನ್ನಡಿ ಅವಳ ಚೀಲದಲ್ಲೇ ಇತ್ತು. ತೆಗೆದು ಕಣ್ಣಿಗೆ ಹಿಡಿದಳು.

ಕಂಡದ್ದು ಅವಳದೇ ಎಡಗೆನ್ನೆ. ಕಿವಿಯ ಕೆಳಗಿಂದ ದವಡೆಯವರೆಗೆ ಚರ್ಮ ಸುಕ್ಕುಗಟ್ಟಿದ ಪ್ರತಿಯೊಂದು ಮಡಿಕೆ, ಬೆಳಕು ಬಿದ್ದ ಏರು, ನೆರಳು ನಿಂತ ತಗ್ಗು, ಒಂದನ್ನೂ ಬಿಟ್ಟಿರಲಿಲ್ಲ. ಮುಚ್ಚಿಡಲು ಬರೆದದ್ದಲ್ಲ ಅದು. ನೋಡಿ ನೋಡಿ, ತಣಿಯದೆ, ಮತ್ತೆ ನೋಡಿ ಬರೆದದ್ದು. ತನ್ನ ಗುರುತನ್ನು ಕನ್ನಡಿಯಲ್ಲಿ ಅವಳೇ ಇಷ್ಟು ಹೊತ್ತು ನೋಡಿರಲಿಲ್ಲ. ಇದು ಚೆನ್ನಾಗಿರಬಹುದು ಎಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ. ಇವತ್ತು ಅನಿಸಿತು.

"ಅದನ್ನ ಬರೆದದ್ದು ನಾನು."

ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು.

"ಆವತ್ತು ನೀವು ಬೆಳಕಿಗೆ ತಿರುಗಿ ಕೂತ್ರಲ್ಲ... ತಡ್ಕೊಳ್ಳೋಕಾಗಲಿಲ್ಲ. ಎಲ್ಲರೂ ಹೋದ್ಮೇಲೆ ಎದುರಿಗಿದ್ದ ಹಾಳೆಯ ಬಿಳಿ ಜಾಗದಲ್ಲಿ ಬರೆದುಬಿಟ್ಟೆ. ಬರೆದು ಮುಗಿದ ಮೇಲೆ ಎಚ್ಚರ ಆಯ್ತು, ಅದು ಮಗುವಿನ ಹಾಳೆ ಅಂತ! ಇಷ್ಟು ವರ್ಷ ಮಕ್ಕಳ ಹಾಳೆ ಮುಟ್ಟಿದವನಲ್ಲ ನಾನು. ಗಾಬರಿಯಲ್ಲಿ ಅಳಿಸೋಕೆ ಹೋದೆ. ನೀವು ಬಂದ್ರಿ."

"ಇದು ಇಲ್ಲಿ ಇರಬಾರದು ಅಂದಿರಿ..."

"ನನ್ನ ಕೈ ಇರಬಾರದು ಅಂದೆ ರೀ! ನಿಮ್ಮ ಮುಖ ಅಲ್ಲ." ಮೇಷ್ಟ್ರು ಎರಡು ಹೆಜ್ಜೆ ಒಳಗೆ ಬಂದರು. "ಉಳಿದ ಮೇಷ್ಟ್ರುಗಳ ಹತ್ರ ತಪ್ಪು ಒಪ್ಕೊಂಡಿದೀನಿ. ಆ ಹಾಳೆ ಲೆಕ್ಕಕ್ಕಿಲ್ಲ. ಪಟಾಕಿಯ ಚಿತ್ರಗಳಿಗೆ ಅಂಕ ಕೊಡೋದು ಅವರೇ, ನಾನಲ್ಲ. ನೀನ್ಯಾಕೆ ಕೊಡಬಾರದು ಅಂತ ಕೇಳಿದ್ರು. ಈ ಚಿತ್ರಗಳಲ್ಲಿರೋ ಗಂಡಸು ನಾನೇ ಅಂದೆ."

"ಎಲ್ಲರಿಗೂ ಹೇಳಿದಿರಿ. ನನಗೆ ಹೇಳೋಕೆ ಏನಾಗಿತ್ತು?"

"ನೀವು ಮುಂದಿನವರು ಬನ್ನಿ ಅಂದ್ರಲ್ಲ!"

ಚಿಕ್ಕಿಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. "ಅಂದ್ರೆ ಹೊರಟುಹೋಗೋದಾ? ನೀವೇ ಮುಂದಿನವರಾಗಿ ಇನ್ನೊಂದ್ಸಲ ಬಂದು ನಿಂತ್ಕೋಬೇಕಪ್ಪ!"

"ಗೊತ್ತಾಗಲಿಲ್ಲ," ಎಂದರು ಮೇಷ್ಟ್ರು ಪಾಪದ ಹಾಗೆ. "ಈಗ ಹೇಳಲಾ?"

"ಹೇಳಿ."

"ನಿಮ್ಮನ್ನ ನೋಡ್ತಾ ಇರಬೇಕು ಅನಿಸುತ್ತೆ. ಯಾವ ಕಡೆ ತಿರುಗಿದ್ರೂ. ಬದುಕಿರೋವರೆಗೂ."

ಚಿಕ್ಕಿ ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು.

"ಸಾಕು ಸಾಕು!" ಪಟಾಕಿ ಇಂಕಿನ ಬಾಟಲಿ ತೆರೆದಳು. "ಬೆಲ್ ಹೊಡೆಯುತ್ತೆ. ಇಬ್ಬರೂ ಆ ಬೆಂಚಿನ ಮೇಲೆ ಕೂತ್ಕೊಳ್ಳಿ ಬೇಗ!"

ಸೀಟು ಸಿಕ್ಕಿತೇ ಎಂದು ಕೇಳುತ್ತೀರಾ? ಸಿಕ್ಕಿತು. ಅಂಕ ಕೊಡಲು ಬಂದ ಮೇಷ್ಟ್ರುಗಳು ಆ ಗೋಡೆಯುದ್ದಕ್ಕೂ ಒಂದೊಂದೇ ಚಿತ್ರ ನೋಡುತ್ತಾ ನಡೆದರಂತೆ. ಕೊನೆಯ ಚಿತ್ರದ ಮುಂದೆ ಒಬ್ಬರು ನಿಂತು, "ಇದರಲ್ಲಿ ಖಾಲಿ ಜಾಗ ಎಲ್ಲಮ್ಮಾ?" ಅಂದರಂತೆ. "ಮುಗಿದುಹೋಯ್ತು ಸರ್," ಅಂದಳಂತೆ ಪಟಾಕಿ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ, ಬೆಂಚಿನ ಮುಂದೆ ಹಾಳೆ ಹಿಡಿದು ಕೂತ ಪಟಾಕಿ ತಲೆ ಚಚ್ಚಿಕೊಂಡಳು.

"ಚಿಕ್ಕೀ, ಸ್ವಲ್ಪ ಆಕಡೆ ಸರಿ. ಬರೆಯೋಕೆ ಜಾಗನೇ ಬಿಟ್ಟಿಲ್ಲ ನೀವು!"

ಮೇಷ್ಟ್ರು ಪಾಪ, ಏಳಲು ಹೋದರು. ಚಿಕ್ಕಿ ಅವರ ತೋಳು ಹಿಡಿದು ಕೂರಿಸಿದಳು.

"ಅಲ್ಲಾಡಬೇಡಿ ಅಂದೆ ತಾನೇ..."

"ಇಲ್ಲ," ಎಂದರು ಮೇಷ್ಟ್ರು. "ಇನ್ನು ಅಲ್ಲಾಡಲ್ಲ."